ಕ್ಯೂ ಕೋಲಿನ ತುದಿಯ ತೊಗಲು: ಒಂದು ಸಣ್ಣ ದುರಸ್ತಿಯ ಚರಿತ್ರೆ

ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಹೆಸರುಗಳಿಂದ ಪ್ರಚಲಿತವಾಗಿರುವ ಮೇಜಿನಾಟಗಳ ಚರಿತ್ರೆಯನ್ನು ಕುರಿತ ಬರವಣಿಗೆ ಮುಖ್ಯವಾಗಿ ಎರಡು ಬಗೆಯದು. ಒಂದು, ಹೆಸರಾಂತ ಆಟಗಾರರ ಗೆಲುವು ಸೋಲುಗಳ ವೃತ್ತಾಂತ; ಮತ್ತೊಂದು, ಮೇಜು ಮತ್ತು ಚೆಂಡುಗಳನ್ನು ತಯಾರಿಸಿದ ಸಂಸ್ಥೆಗಳ ವೃತ್ತಾಂತ. ಇವೆರಡರ ನಡುವೆ ಒಂದು ಕೆಲಸ ಮರೆಯಾಗಿ ಉಳಿದಿದೆ. ಕೋಲಿನ ತುದಿಗೆ ಅಂಟಿಸಿದ, ಸುಮಾರು ಒಂದು ಸೆಂಟಿಮೀಟರು ಅಗಲದ ತೊಗಲಿನ ಬಿಲ್ಲೆ ಸವೆದಾಗ ಅದನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ಅದು. ಮೇಜು ತಲೆಮಾರುಗಳ ಕಾಲ ಬಾಳುತ್ತದೆ. ಕೋಲು ಒಬ್ಬನ ಆಯುಷ್ಯದಷ್ಟು ಬಾಳಬಲ್ಲುದು. ತುದಿಯ ತೊಗಲಾದರೋ ಕೆಲವು ತಿಂಗಳುಗಳಲ್ಲಿ ಮುಗಿಯುತ್ತದೆ. ಮತ್ತೆ ಮತ್ತೆ ಮಾಡಬೇಕಾದ ಈ ಕೆಲಸವನ್ನು ಮಾಡುತ್ತಿದ್ದವರು ಯಾರು, ಅದು ಕ್ಲಬ್ಬಿನಿಂದ ಮನೆಗೆ ಬಂದದ್ದು ಹೇಗೆ, ಆ ಬದಲಾವಣೆಯಲ್ಲಿ ಯಾರ ತಿಳಿವಳಿಕೆಗೆ ಮನ್ನಣೆ ದೊರೆಯಿತು, ಯಾರದಕ್ಕೆ ದೊರೆಯಲಿಲ್ಲ ಎಂಬುದು ಪ್ರಸ್ತುತ ಲೇಖನದ ವಿಚಾರ.

ಮೊದಲಿಗೆ ಈ ಆಟದಲ್ಲಿ ತೊಗಲೂ ಇರಲಿಲ್ಲ, ಇಂದಿನ ಅರ್ಥದ ಕೋಲೂ ಇರಲಿಲ್ಲ. ಹುಲ್ಲಿನ ಮೇಲೆ ಆಡುತ್ತಿದ್ದ ಆಟವೊಂದು ಹದಿನೈದನೆಯ ಶತಮಾನದ ಫ್ರಾನ್ಸಿನಲ್ಲಿ ಮನೆಯೊಳಗಿನ ಮೇಜಿನ ಮೇಲಕ್ಕೆ ಏರಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1461ರಿಂದ 1483ರವರೆಗೆ ಆಳಿದ ಹನ್ನೊಂದನೆಯ ಲೂಯಿ ದೊರೆಯ ಬಳಿ ಅಂಥ ಮೇಜು ಇತ್ತೆಂದು ಹೇಳುತ್ತಾರೆ. ಮೇಜಿನ ಹಸಿರು ಬಟ್ಟೆ ಆ ಹುಲ್ಲಿನ ನೆನಪೆಂಬ ಮಾತೂ ಇದೆ. ಆಗ ಚೆಂಡನ್ನು ಹೊಡೆಯುತ್ತಿರಲಿಲ್ಲ, ತಳ್ಳುತ್ತಿದ್ದರು. ತಳ್ಳುವ ಸಾಧನಕ್ಕೆ ಇಂಗ್ಲಿಷಿನವರು ಮೇಸ್ ಎನ್ನುತ್ತಿದ್ದರು. ಉದ್ದನೆಯ ಹಿಡಿಗೆ ಚಪ್ಪಟೆಯಾದ ಮರದ ತಲೆಯೊಂದನ್ನು ಜೋಡಿಸಿದ ಸಲಕರಣೆ ಅದು. ಚೆಂಡು ಮೇಜಿನ ಅಂಚಿಗೆ ಒರಗಿ ನಿಂತಾಗ ಆ ದಪ್ಪ ತಲೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಗ ಆಟಗಾರ ಮೇಸನ್ನು ತಿರುಗಿಸಿ ಹಿಡಿಯ ತೆಳು ಕೊನೆಯಿಂದ ಚೆಂಡನ್ನು ತಿವಿಯುತ್ತಿದ್ದ. ಈ ಕೊನೆಗೆ ಫ್ರೆಂಚಿನಲ್ಲಿ ಬಾಲ ಎಂಬ ಅರ್ಥದ ಪದವೇ ಹೆಸರಾಯಿತು. ಇಂದಿನ ಕ್ಯೂ ಶಬ್ದದ ಮೂಲ ಅದೇ. ಆಟದ ಮುಖ್ಯ ಆಯುಧ ಹೀಗೆ ಒಂದು ಹಳೆಯ ಆಯುಧದ ಬಾಲದಿಂದ ಹುಟ್ಟಿತು.

ಬಾಲದಿಂದ ಆಡುವುದು ಬಹುಕಾಲ ಎಲ್ಲರಿಗೂ ಅನುಮತಿಯಿದ್ದ ವಿಷಯವಾಗಿರಲಿಲ್ಲ. ಮರದ ಮೊನೆ ಜಾರಿದರೆ ಬೆಲೆಬಾಳುವ ಬಟ್ಟೆ ಹರಿಯುವ ಭಯವಿದ್ದುದರಿಂದ ನುರಿತವರಿಗೆ ಮಾತ್ರ ಕ್ಯೂ, ಉಳಿದವರಿಗೆ ಮೇಸ್ ಎಂಬ ನಿರ್ಬಂಧವನ್ನು ಆಟದ ಕೋಣೆಗಳಲ್ಲಿ ವಿಧಿಸುತ್ತಿದ್ದರು. ಮಹಿಳೆಯರ ಕೈಯಲ್ಲಿ ಮೇಸ್ ಇನ್ನೂ ಹೆಚ್ಚು ಕಾಲ ಉಳಿಯಿತು. ಬಟ್ಟೆಯ ಮೇಲಿನ ಕಾಳಜಿ ಎಲ್ಲಿ ಮುಗಿದು ಅಂತಸ್ತು, ಲಿಂಗಗಳ ಕಟ್ಟಳೆ ಎಲ್ಲಿ ಆರಂಭವಾಗುತ್ತಿತ್ತು ಎಂದು ಗೆರೆ ಎಳೆಯುವುದು ಕಷ್ಟ.

ಬರಿಯ ಮರದ ತುದಿಯಿಂದ ಆಡುವವನಿಗೆ ಚೆಂಡಿನ ನಡುಮಧ್ಯವೊಂದೇ ಗತಿ. ಮಧ್ಯವನ್ನು ಸ್ವಲ್ಪ ತಪ್ಪಿದರೂ ನಯವಾದ ಮರ ನಯವಾದ ದಂತದ ಮೇಲಿಂದ ಜಾರುತ್ತಿತ್ತು. ಈ ಜಾರುವಿಕೆಯನ್ನು ತಡೆಯಲು ನಾನಾ ಉಪಾಯಗಳನ್ನು ಮಾಡಿದರು. ತುದಿಯನ್ನು ಅರದಿಂದ ಉಜ್ಜಿ ಒರಟುಗೊಳಿಸಿದರು, ಓರೆಯಾಗಿ ಕತ್ತರಿಸಿದರು, ಸುಣ್ಣ ಬಳಿದ ಗೋಡೆಗೋ ಮಾಳಿಗೆಗೋ ತುದಿಯನ್ನು ಒತ್ತಿ ತಿರುವಿ ಪುಡಿ ಹತ್ತಿಸಿಕೊಂಡರು. ಸಮಸ್ಯೆಯ ಸ್ವರೂಪ ಆಟಗಾರರಿಗೆ ಅರ್ಥವಾಗಿತ್ತು, ಘರ್ಷಣೆ ಬೇಕೆಂಬುದೂ ತಿಳಿದಿತ್ತು, ಆದರೆ ಸರಿಯಾದ ವಸ್ತು ಇನ್ನೂ ದೊರೆತಿರಲಿಲ್ಲವೆಂದು ಇದರಿಂದ ತಿಳಿಯಬಹುದು.

ಆ ವಸ್ತುವನ್ನು ಕಂಡುಕೊಂಡ ಕೀರ್ತಿ ಫ್ರೆಂಚ್ ಸೇನೆಯ ಕ್ಯಾಪ್ಟನ್ ಫ್ರಾಂಸ್ವಾ ಮೆಂಗೊ ಎಂಬವನಿಗೆ ಸಂದಿದೆ. ರಾಜಕೀಯ ಕಾರಣಗಳಿಗಾಗಿ ಸೆರೆಯಲ್ಲಿದ್ದಾಗ ಅವನು ತೊಗಲಿನ ತುದಿಯನ್ನು ರೂಪಿಸಿದನೆಂದೂ, 1807ರ ಸುಮಾರಿಗೆ ಅದು ಹೊರಜಗತ್ತಿಗೆ ತಿಳಿಯಿತೆಂದೂ ಆಟದ ಚರಿತ್ರೆಗಳು ಹೇಳುತ್ತವೆ. ಬಿಡುಗಡೆಯ ದಿನ ಬಂದಾಗ, ಅಭ್ಯಾಸ ಇನ್ನೂ ಪೂರ್ತಿಯಾಗಿಲ್ಲವೆಂದು ತನ್ನನ್ನು ಮತ್ತಷ್ಟು ಕಾಲ ಸೆರೆಯಲ್ಲೇ ಇರಿಸಿಕೊಳ್ಳುವಂತೆ ಅವನು ಬೇಡಿಕೊಂಡನೆಂಬ ಕಥೆಯೂ ಇದೆ. ಕಥೆ ರಮ್ಯವಾಗಿದೆ, ರಮ್ಯವಾಗಿರುವುದೇ ಅದನ್ನು ಸಂಶಯದಿಂದ ನೋಡಲು ಸಾಕಾದ ಕಾರಣ. ಗಟ್ಟಿಯಾದ ಆಧಾರವೆಂದರೆ ಅವನು 1827ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಗ್ರಂಥ. ಅಸಾಧಾರಣ ಹೊಡೆತಗಳನ್ನು ಚಿತ್ರಪಟಗಳ ಮೂಲಕ ವಿವರಿಸುವ ಈ ಗ್ರಂಥವನ್ನು ಲಂಡನ್ನಿನ ಮೇಜು ತಯಾರಕ ಜಾನ್ ಥರ್ಸ್ಟನ್ 1830ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ. ಚೆಂಡು ಮುಂದೆ ಹೋಗಿ ತಾನೇ ಹಿಂದಕ್ಕೆ ಉರುಳಿ ಬರುವ, ಮತ್ತೊಂದು ಚೆಂಡನ್ನು ಬಳಸಿ ಬಾಗಿ ಹೋಗುವ ಹೊಡೆತಗಳು ಬರಿಯ ಮರದ ತುದಿಯಿಂದ ಸಾಧ್ಯವಾಗತಕ್ಕವಲ್ಲ. ಆದುದರಿಂದ ತೊಗಲನ್ನು ಮೊದಲು ಅಂಟಿಸಿದವನು ಅವನೇ ಆಗಿರಲಿ ಬಿಡಲಿ, ತೊಗಲಿನಿಂದ ಏನೇನು ಸಾಧ್ಯವೆಂಬುದನ್ನು ಪೂರ್ಣವಾಗಿ ಕಂಡು ದಾಖಲಿಸಿದವನು ಅವನೆಂದು ಹೇಳಲು ಅಡ್ಡಿಯಿಲ್ಲ.

ತೊಗಲು ಮಾಡುವ ಕೆಲಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಮುಂದೆ ಹೇಳುವ ದುರಸ್ತಿಯ ತರ್ಕ ಅಡಗಿರುವುದು ಅದರಲ್ಲಿಯೇ. ಕೋಲು ಚೆಂಡನ್ನು ಮುಟ್ಟಿರುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು. ಅಷ್ಟರಲ್ಲಿ ತೊಗಲು ತುಸು ಅದುಮಿಕೊಂಡು, ಚೆಂಡಿನ ಮೈಯನ್ನು ಹಿಡಿದು, ಮತ್ತೆ ಚಿಮ್ಮುತ್ತದೆ. ಮೇಲೆ ಸೀಮೆಸುಣ್ಣ ಹಚ್ಚಿದ ಒಳ್ಳೆಯ ತುದಿಯಿಂದ ಚೆಂಡಿನ ಕೇಂದ್ರದಿಂದ ಅದರ ತ್ರಿಜ್ಯದ ಅರ್ಧದಷ್ಟು ದೂರದವರೆಗೆ ಜಾರದೆ ಹೊಡೆಯಬಹುದು. 52.5 ಮಿಲಿಮೀಟರು ವ್ಯಾಸದ ಸ್ನೂಕರ್ ಚೆಂಡಿನಲ್ಲಿ ಇದು ಸುಮಾರು 13 ಮಿಲಿಮೀಟರು. ತೊಗಲಿಗೂ ಚೆಂಡಿಗೂ ನಡುವಣ ಘರ್ಷಣಾಂಕ 0.6ರ ಆಸುಪಾಸಿನಲ್ಲಿದ್ದರೆ ಮಾತ್ರ ಇದು ಸಾಧ್ಯ. ಆಟದ ಸಮಸ್ತ ವೈವಿಧ್ಯ, ಅಂದರೆ ಹಿಂದೆಳೆತ, ಮುಂದೋಟ, ಪಕ್ಕದ ತಿರುಗು ಇವೆಲ್ಲ, ಆ ಹದಿಮೂರು ಮಿಲಿಮೀಟರಿನೊಳಗೆ ನಡೆಯುತ್ತವೆ. ಮೆಂಗೊನ ಗ್ರಂಥ ಬಂದ ಎಂಟು ವರ್ಷಗಳ ಮೇಲೆ, 1835ರಲ್ಲಿ, ಗಣಿತಜ್ಞ ಗ್ಯಾಸ್ಪಾರ್ ಗುಸ್ತಾವ್ ಕೊರಿಯೋಲಿಸ್ ಬಿಲಿಯರ್ಡ್ಸ್ ಆಟದ ಗಣಿತ ಸಿದ್ಧಾಂತವನ್ನೇ ಒಂದು ಪುಸ್ತಕವಾಗಿ ಬರೆದ. ಭೂಗೋಳದ ಪಾಠಗಳಲ್ಲಿ ಗಾಳಿಯ ದಿಕ್ಕು ಬಾಗುವುದನ್ನು ವಿವರಿಸುವಾಗ ನಮ್ಮ ವಿದ್ಯಾರ್ಥಿಗಳು ಕೇಳುವ ಕೊರಿಯೋಲಿಸನೇ ಈತ. ಆ ವಿಚಾರದ ಅವನ ಪ್ರಸಿದ್ಧ ಪ್ರಬಂಧವೂ ಅದೇ ವರ್ಷದ್ದು.

ಇಂಗ್ಲೆಂಡಿನಲ್ಲಿ ಇದೇ ಸಂಗತಿ ಬೇರೊಂದು ವರ್ಗದ ಮನುಷ್ಯನ ಮೂಲಕ ಬೆಳಕಿಗೆ ಬಂತು. ಬಾತ್ ಪಟ್ಟಣದ ಬಿಲಿಯರ್ಡ್ಸ್ ಕೋಣೆಗಳ ಒಡೆಯ ಬಾರ್ಟ್ಲಿ ಎಂಬವನ ಬಳಿ ಜ್ಯಾಕ್ ಕಾರ್ ಎಂಬ ಮಾರ್ಕರ್ ಇದ್ದ. ಅಂಕಗಳನ್ನು ಎಣಿಸಿ ಗುರುತು ಹಾಕುವವನು ಮಾರ್ಕರ್. ಬಟ್ಟೆಯನ್ನು ಬ್ರಷ್ಷಿನಿಂದ ತಿಕ್ಕಿ ಇಸ್ತ್ರಿ ಮಾಡುವುದು, ಕೋಲುಗಳನ್ನು ಸುಸ್ಥಿತಿಯಲ್ಲಿಡುವುದು ಇಂಥ ಕೆಲಸಗಳೂ ಆ ಹುದ್ದೆಗೆ ಸೇರಿದವು. ಚೆಂಡಿನ ಪಕ್ಕಕ್ಕೆ ಹೊಡೆದು ಅದನ್ನು ಬುಗುರಿಯಂತೆ ತಿರುಗಿಸುವ ಗುಟ್ಟು ಒಡೆಯನಿಂದ ಕಾರ್‌ಗೆ ತಿಳಿಯಿತು. ಬೇರೆ ಆಟಗಾರರು ಬೆರಗಾಗಿ ಕೇಳಿದಾಗ, ಎಲ್ಲವೂ ತನ್ನ ಬಳಿಯಿರುವ ವಿಶೇಷ ‘ತಿರುಗಿಸುವ ಪುಡಿ’ಯ ಮಹಿಮೆಯೆಂದು ಹೇಳಿ ಅದನ್ನು ಚಿಕ್ಕ ಡಬ್ಬಿಗಳಲ್ಲಿ ತುಂಬಿ ಒಳ್ಳೆಯ ಬೆಲೆಗೆ ಮಾರಿದ. ಅದು ಸಾಮಾನ್ಯ ಸೀಮೆಸುಣ್ಣದ ಪುಡಿಯೇ ಆಗಿತ್ತು. ಇದು 1820ರ ಆಚೀಚಿನ ಮಾತು.

ಇಲ್ಲಿ ಚರಿತ್ರಕಾರರ ಧೋರಣೆ ಗಮನಾರ್ಹ. ಸೇನೆಯ ಕ್ಯಾಪ್ಟನ್ ಸಂಶೋಧಕನಾಗಿ ದಾಖಲಾಗಿದ್ದಾನೆ, ಕೋಣೆಯ ನೌಕರ ಚತುರ ವಂಚಕನಾಗಿ ದಾಖಲಾಗಿದ್ದಾನೆ. ಕಾರ್ ಪುಡಿ ಮಾರಿದ್ದು ನಿಜ. ಆದರೆ ಅವನು ಮಾರಿದ ವಸ್ತು ಸುಳ್ಳಾಗಿರಲಿಲ್ಲ ಎಂಬುದನ್ನು ಯಾರೂ ಒತ್ತಿ ಹೇಳಿಲ್ಲ. ಪುಡಿಯಿಲ್ಲದ ತೊಗಲು ಚೆಂಡನ್ನು ಹಿಡಿಯಲಾರದು. ತೊಗಲು ಮತ್ತು ಪುಡಿ ಸೇರಿಯೇ ಆ ಘರ್ಷಣೆಯನ್ನು ಕೊಡುತ್ತವೆ. ಅವನು ಮರೆಮಾಚಿದ್ದು ಪುಡಿಯ ಗುಣವನ್ನಲ್ಲ, ಕೈಯ ಕೌಶಲವನ್ನು. ಕೌಶಲವನ್ನು ಮಾರಿದರೆ ಅಂದಿನ ಮಾರ್ಕರನಿಗೆ ಯಾರೂ ಹಣ ಕೊಡುತ್ತಿರಲಿಲ್ಲ, ಡಬ್ಬಿಗೆ ಕೊಡುತ್ತಿದ್ದರು ಎಂಬುದೂ ವಿಚಾರ ಮಾಡತಕ್ಕ ಅಂಶ. ಮುಂದೆ 1897ರಲ್ಲಿ ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ಷಿಕಾಗೋದ ರಸಾಯನಜ್ಞ ವಿಲಿಯಂ ಹಾಸ್ಕಿನ್ಸ್ ಸುಣ್ಣಕ್ಕೆ ಬದಲು ಸಿಲಿಕ ಮತ್ತು ಕುರುಂದದ ಕಣಗಳನ್ನು ಬಳಸಿದ ಹೊಸ ಬಗೆಯ ‘ಸೀಮೆಸುಣ್ಣ’ಕ್ಕೆ ಪೇಟೆಂಟ್ ಪಡೆದರು. ಅವರದೂ ಪುಡಿಯ ವ್ಯಾಪಾರವೇ. ಅವರನ್ನು ಯಾರೂ ವಂಚಕರೆಂದು ಕರೆದಿಲ್ಲ.

ಇದೇ ಅವಧಿಯಲ್ಲಿ ಮೇಜೂ ಬದಲಾಯಿತು. ಥರ್ಸ್ಟನ್ 1826ರಲ್ಲಿ ಮರದ ಹಲಗೆಯ ಬದಲು ಸ್ಲೇಟುಕಲ್ಲಿನ ಹಾಸನ್ನೂ, 1835ರಲ್ಲಿ ರಬ್ಬರಿನ ಅಂಚನ್ನೂ ತಂದ. ಈ ವಿವರಗಳು ಎಲ್ಲ ಗ್ರಂಥಗಳಲ್ಲೂ ದೊರೆಯುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಭಾರತಕ್ಕೆ ಈ ಆಟ ಬ್ರಿಟಿಷರ ಸೇನಾ ಭೋಜನಶಾಲೆಗಳ ಮೂಲಕ ಬಂತು. 1875ರಲ್ಲಿ ಜಬಲ್‌ಪುರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಮಳೆಗಾಲದ ಬೇಸರ ಕಳೆಯಲು ಪೂಲ್ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿ ಸ್ನೂಕರನ್ನು ಹುಟ್ಟುಹಾಕಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅದೇ ಹೆಸರಿನವನು ಈತನಲ್ಲ. ಮೈಸೂರಿನ ಗಡಿಗೆ ಹತ್ತಿರದ ಉದಕಮಂಡಲದ ಕ್ಲಬ್ಬಿನಲ್ಲಿ 1880ರ ದಶಕದಲ್ಲಿ ಆಟದ ನಿಯಮಗಳು ಲಿಖಿತ ರೂಪ ಪಡೆದವು. ಈ ವೃತ್ತಾಂತದಲ್ಲಿ ಅಧಿಕಾರಿಗಳ ಹೆಸರುಗಳಿವೆ, ದಳಗಳ ಹೆಸರುಗಳಿವೆ, 1885ರಲ್ಲಿ ಕಲ್ಕತ್ತೆಗೆ ಬಂದು ಆಟವನ್ನು ಅರಿತು ಇಂಗ್ಲೆಂಡಿಗೆ ಒಯ್ದನೆನ್ನಲಾದ ವೃತ್ತಿಪರ ಆಟಗಾರ ಜಾನ್ ರಾಬರ್ಟ್ಸ್ ಹೆಸರೂ ಇದೆ. ಆ ಕೋಲುಗಳ ತುದಿಗೆ ತೊಗಲು ಅಂಟಿಸುತ್ತಿದ್ದವರ ಹೆಸರು ಈ ವೃತ್ತಾಂತದಲ್ಲಿ ಒಂದೂ ಬರುವುದಿಲ್ಲ. ಮಾರ್ಕರ್ ಎಂಬ ಶಬ್ದ ಮಾತ್ರ ನಮ್ಮ ಕ್ಲಬ್ಬುಗಳಲ್ಲಿ ಬೇರೂರಿತು. ಟೆನಿಸ್ ಅಂಗಳದ ನೌಕರನಿಗೂ ಅದೇ ಹೆಸರಾಯಿತು. ಸದಸ್ಯನ ಕೋಲು ಸಂಜೆಯ ಹೊತ್ತಿಗೆ ಸಿದ್ಧವಾಗಿರುತ್ತಿತ್ತು. ಅದು ಹೇಗೆ ಸಿದ್ಧವಾಯಿತೆಂದು ಸದಸ್ಯ ತಿಳಿಯಬೇಕಾಗಿರಲಿಲ್ಲ.

ಈ ಕೆಲಸ ಮನೆಗೆ ಬಂದುದಕ್ಕೆ ಕಾರಣ ಮನೆಗೆ ಮೇಜು ಬಂದದ್ದು. ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಆಕ್ರಿಂಗ್ಟನ್ನಿನ ರೈಲಿ ಮೊದಲಾದ ಸಂಸ್ಥೆಗಳು ಮಧ್ಯಮ ವರ್ಗದ ಮನೆಗಳಿಗಾಗಿ ಚಿಕ್ಕ ಮೇಜುಗಳನ್ನು, ಮೇಲೆ ಹಲಗೆ ಮುಚ್ಚಿದರೆ ಊಟದ ಮೇಜಾಗುವಂಥವನ್ನು, ಕಂತಿನ ಮೇಲೆ ಮಾರಿದವು. ಮೇಜು ಕೊಂಡವನಿಗೆ ಮಾರ್ಕರನನ್ನು ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಅವನು ತನಗೆ ತಾನೇ ಮಾರ್ಕರ್ ಆಗಬೇಕಾಯಿತು. ಅಮೆರಿಕದಲ್ಲಿ ಇದರ ಹಾದಿ ಬೇರೆ. ಅಲ್ಲಿ ಪೂಲ್ ಕೋಣೆಯ ಸಾಲುಕೋಲುಗಳಿಂದ ಬೇರೆಯಾಗಿ ಆಟಗಾರ ತನ್ನದೇ ಕೋಲನ್ನು ಪೆಟ್ಟಿಗೆಯಲ್ಲಿ ಹೊತ್ತು ತಿರುಗುವ ರೂಢಿ ಬಲವಾಯಿತು. 1961ರ ‘ದಿ ಹಸ್ಲರ್’, 1986ರ ‘ದಿ ಕಲರ್ ಆಫ್ ಮನಿ’ ಚಲನಚಿತ್ರಗಳು ಈ ರೂಢಿಗೆ ಇನ್ನಷ್ಟು ಕಾವು ಕೊಟ್ಟವು. ಸ್ವಂತ ಕೋಲು ಬಂದ ಮೇಲೆ ಅದರ ತುದಿ ಸ್ವಂತ ಹೊಣೆ.

ಹಳೆಯ ಕಾಲದ ಅಂಟು ಪ್ರಾಣಿಗಳ ಎಲುಬು, ತೊಗಲು ಅಥವಾ ಮೀನಿನಿಂದ ತೆಗೆದ ಸರೇಸು. ಅದನ್ನು ಬಿಸಿಮಾಡಿ ಹಚ್ಚಿ, ಒತ್ತಿ ಕಟ್ಟಿ, ರಾತ್ರಿಯಿಡೀ ಬಿಡಬೇಕಾಗಿತ್ತು. ಮುಂದೆ ತೆಳುವಾದ ಅಂಟುಬಿಲ್ಲೆಗಳು ಬಂದವು. ಬಿಲ್ಲೆಯನ್ನು ಬೆಚ್ಚಗೆ ಮಾಡಿ ಮರಕ್ಕೂ ತೊಗಲಿಗೂ ನಡುವೆ ಇಟ್ಟು ಒತ್ತಿದರೆ ಸಾಕು. 1958ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಸಯನೋಅಕ್ರಿಲೇಟ್ ಅಂಟು, ಅಂದರೆ ನಮ್ಮ ಅಂಗಡಿಗಳಲ್ಲಿ ಪುಟ್ಟ ಕೊಳವೆಯಲ್ಲಿ ದೊರೆಯುವ ಆ ಕ್ಷಣಾರ್ಧದ ಅಂಟು, ಕಾಯುವ ಕಾಲವನ್ನು ನಿಮಿಷಗಳಿಗೆ ಇಳಿಸಿತು. ಇಂದು ವೃತ್ತಿಪರ ಸ್ನೂಕರ್ ಪಂದ್ಯದ ನಡುವೆ ತುದಿ ಕಳಚಿದರೆ ಅದನ್ನು ಬದಲಿಸಲು ಹದಿನೈದು ನಿಮಿಷ ಕೊಡುವ ಪದ್ಧತಿಯಿದೆ. ಸರೇಸಿನ ಕಾಲದಲ್ಲಿ ಇಂಥ ಅವಕಾಶವನ್ನು ಕಲ್ಪಿಸುವುದೂ ಸಾಧ್ಯವಿರಲಿಲ್ಲ.

ಅಂಟು ಬದಲಾದರೂ ಕೆಲಸದ ಕ್ರಮ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಹಳೆಯ ತೊಗಲನ್ನು ಹರಿತವಾದ ಅಲಗಿನಿಂದ ಕತ್ತರಿಸಿ ತೆಗೆಯಬೇಕು. ಕೆಳಗೆ ಉಳಿದ ಹಳೆಯ ಅಂಟನ್ನು ಕೆರೆದು ಮೇಲ್ಮೈಯನ್ನು ಸಮತಟ್ಟು ಮಾಡಬೇಕು. ಮನೆಯಲ್ಲಿ ಮಾಡಿದ ದುರಸ್ತಿಗಳಲ್ಲಿ ಹೆಚ್ಚಿನವು ಕೆಡುವುದು ಈ ಹಂತದಲ್ಲಿಯೇ. ಕೈಯಲ್ಲಿ ಸ್ಯಾಂಡ್ ಪೇಪರ್ ಹಿಡಿದು ತುದಿಯನ್ನು ಉಜ್ಜಿದರೆ ಅಂಚುಗಳು ಮಧ್ಯಕ್ಕಿಂತ ಹೆಚ್ಚು ಸವೆದು ಮೇಲ್ಮೈ ಅರಿವಿಲ್ಲದೆ ಉಬ್ಬಾಗುತ್ತದೆ. ಅದರ ಮೇಲೆ ಕೂತ ತೊಗಲು ನಡುವೆ ಮಾತ್ರ ಅಂಟಿ ಅಂಚಿನಲ್ಲಿ ಬಾಯಿ ಬಿಡುತ್ತದೆ. ಕಾಗದವನ್ನು ಗಟ್ಟಿಯಾದ ಹಲಗೆಯ ಮೇಲೆ ಹಾಸಿ, ಕೋಲನ್ನು ನೆಟ್ಟಗೆ ಹಿಡಿದು ಅದರ ಮೇಲೆ ತಿರುವುವುದು ಸರಿಯಾದ ಮಾರ್ಗ. ಹೊಸ ಬಿಲ್ಲೆಯ ಅಡಿಯನ್ನೂ ಹೀಗೆಯೇ ಉಜ್ಜಬೇಕು. ಅಂಟು ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು. ದಪ್ಪನೆಯ ಅಂಟು ಹೊಡೆತದ ಸದ್ದನ್ನು ಮಂದಗೊಳಿಸುತ್ತದೆ. ಪಳಗಿದ ಕಿವಿ ದುರಸ್ತಿಯ ಗುಣವನ್ನು ನೋಡುವುದಕ್ಕಿಂತ ಮೊದಲೇ ಕೇಳಿ ತಿಳಿಯುತ್ತದೆ.

ಅಂಟು ಹಿಡಿದ ಮೇಲೆ ಬದಿಗಳ ಕೆಲಸ. ಬಿಲ್ಲೆ ಕೋಲಿಗಿಂತ ಸ್ವಲ್ಪ ಅಗಲವಾಗಿಯೇ ಬರುತ್ತದೆ. ಕೋಲನ್ನು ತಲೆಕೆಳಗಾಗಿ ಮರದ ಹಲಗೆಯ ಮೇಲೆ ನಿಲ್ಲಿಸಿ, ಹೊರಚಾಚಿದ ತೊಗಲನ್ನು ಕೆಳಮುಖವಾಗಿ ಸಣ್ಣ ಸಣ್ಣದಾಗಿ ಕೊಯ್ಯಬೇಕು. ಸ್ನೂಕರ್ ಕೋಲಿನ ತುದಿಯಲ್ಲಿ, ನಮ್ಮ ಒನಕೆಗೆ ಹಾಕುವ ಅಣಸಿನಂತೆ, ಹಿತ್ತಾಳೆಯ ಬಳೆಯೊಂದಿರುತ್ತದೆ. ಪೂಲ್ ಕೋಲಿನಲ್ಲಿ ಹಿಂದೆ ದಂತ, ಈಗ ಪ್ಲಾಸ್ಟಿಕ್ ಅಥವಾ ನಾರಿನದು. ಅರ ಅಥವಾ ಅಲಗು ಈ ಅಣಸಿಗೆ ತಗುಲಿದರೆ ಪ್ರತಿ ದುರಸ್ತಿಯಲ್ಲೂ ಅದು ತುಸುತುಸುವೇ ಸವೆದು ಕೋಲೇ ಕಿರಿದಾಗುತ್ತದೆ. ಕೊನೆಯಲ್ಲಿ ಬದಿಯನ್ನು ನೀರಿನಿಂದಲೋ ಎಂಜಲಿನಿಂದಲೋ ಒದ್ದೆಮಾಡಿ ತೊಗಲಿನ ಚೂರಿನಿಂದ ಬಿಸಿಯೇರುವಂತೆ ತಿಕ್ಕಿದರೆ ಅದು ಗಟ್ಟಿಯಾಗಿ ಹೊಳಪೇರುತ್ತದೆ. ಅಣಬೆಯಂತೆ ಹೊರಕ್ಕೆ ಹರಡಿಕೊಳ್ಳುವುದು ಕಡಿಮೆಯಾಗುತ್ತದೆ. ತಲೆಯ ಗುಮ್ಮಟಕ್ಕೆ ಅಳತೆಯಾಗಿ ಅಮೆರಿಕದವರು ತಮ್ಮ ನಾಣ್ಯಗಳನ್ನೇ ಬಳಸುತ್ತಾರೆ. ಡೈಮ್ ನಾಣ್ಯದ ಬಾಗು ಸುಮಾರು 9 ಮಿಲಿಮೀಟರು ತ್ರಿಜ್ಯದ್ದು, ನಿಕಲ್ ನಾಣ್ಯದ್ದು 10.6 ಮಿಲಿಮೀಟರಿನದು. ಹೆಚ್ಚು ತಿರುಗು ಬಯಸುವವನು ಡೈಮಿನ ಉಬ್ಬನ್ನು, ನೇರ ಹೊಡೆತ ಬಯಸುವವನು ನಿಕಲ್ಲಿನ ಚಪ್ಪಟೆಯನ್ನು ಆಯುತ್ತಾನೆ.

ಮನೆಗೆ ಬಂದ ಕೆಲಸ ತನ್ನದೇ ಪ್ರಯೋಗಗಳನ್ನೂ ಹುಟ್ಟಿಸಿತು. ಅಮೆರಿಕದ ಆಟಗಾರರು ‘ಎಲ್ಕ್ ಮಾಸ್ಟರ್’ ಎಂಬ ಅಗ್ಗದ, ಮೆದುವಾದ ಬಿಲ್ಲೆಯನ್ನು ಹಾಲಿನಲ್ಲಿ ನೆನೆಸಿ, ಇಕ್ಕಳದಲ್ಲಿ ಅದುಮಿ, ಒಣಗಿಸಿ ಗಟ್ಟಿ ಮಾಡಿದರು. ಅಲ್ಲಿನ ಒಂದು ಮಿಠಾಯಿಯ ಹೆಸರಿನಿಂದ ಅದನ್ನು ‘ಮಿಲ್ಕ್ ಡಡ್’ ಎಂದು ಕರೆದರು. ಇನ್ನೊಂದೆಡೆ ಜಪಾನಿನ ಮೂರಿ ಎಂಬ ತಯಾರಕ ಹಂದಿಯ ತೊಗಲಿನ ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಬಿಲ್ಲೆಗಳು 1990ರ ದಶಕದಲ್ಲಿ ಪ್ರಸಿದ್ಧಿಗೆ ಬಂದವು. ಅವು ಹರಡುವುದು ಕಡಿಮೆ, ಬೆಲೆ ಹಲವು ಪಟ್ಟು ಹೆಚ್ಚು. ಬೆಲೆ ಏರಿದಂತೆ ಅಂಟಿಸುವ ಕೆಲಸವನ್ನು ಮತ್ತೆ ಲೇತ್ ಯಂತ್ರವಿರುವ ಕುಶಲಕರ್ಮಿಗೆ ಒಪ್ಪಿಸುವ ಪ್ರವೃತ್ತಿಯೂ ಬೆಳೆಯಿತು. 2016ರಲ್ಲಿ ಪ್ರಿಡೇಟರ್ ಸಂಸ್ಥೆ ಇಂಗಾಲದ ನಾರಿನ ಕೋಲನ್ನು ಮಾರುಕಟ್ಟೆಗೆ ತಂದಿತು. ಮರ ಹೋದರೂ ಅದರ ತುದಿಯಲ್ಲಿ ತೊಗಲು ಉಳಿಯಿತು.

ಕರ್ನಾಟಕದ ಸಂಬಂಧ ಇಲ್ಲಿ ಆನುಷಂಗಿಕವಲ್ಲ. ಭಾರತದ ಮೊದಲ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ಗೆದ್ದ ಕಾಲಕ್ಕೆ ಈ ಆಟದ ಕೇಂದ್ರಗಳು ಬೇರೆಡೆ ಇದ್ದವು. ಆಮೇಲಿನ ದಶಕಗಳಲ್ಲಿ ಬೆಂಗಳೂರು ಅಂಥ ಒಂದು ಕೇಂದ್ರವಾಯಿತು. ಅರವಿಂದ ಸವೂರರಂಥ ಆಟಗಾರರು ಇಲ್ಲಿ ಬೆಳೆದು ಶಿಕ್ಷಕರಾದರು. ಅವರಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನೂ, 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸಿನ ಎರಡೂ ಪ್ರಕಾರಗಳ ಪ್ರಶಸ್ತಿಗಳನ್ನೂ ಗೆದ್ದರು. ಇವರ ಅಂಕಗಳು, ಬ್ರೇಕುಗಳು ದಾಖಲಾಗಿವೆ. ಕ್ಲಬ್ಬುಗಳಲ್ಲಿ ದಶಕಗಟ್ಟಲೆ ದುಡಿದ ಮಾರ್ಕರುಗಳ ನೆನಪುಗಳನ್ನು ದಾಖಲಿಸುವ ಕೆಲಸವನ್ನು ಮೌಖಿಕ ಚರಿತ್ರೆಯ ಸಂಶೋಧಕರು ಕೈಗೆತ್ತಿಕೊಳ್ಳುವುದಾದರೆ ಕೇಳಬೇಕಾದ ಪ್ರಶ್ನೆಗಳು ತೀರ ಸರಳವಾದವು. ಬಿಲ್ಲೆಗಳು ಎಲ್ಲಿಂದ ಬರುತ್ತಿದ್ದವು. ಹೊರದೇಶದ ಸರಕು ನಿಂತ ವರ್ಷಗಳಲ್ಲಿ ಯಾವ ತೊಗಲನ್ನು, ಯಾರಿಂದ ಕೊಯ್ಯಿಸಿ ಬಳಸಿದರು. ಮಳೆಗಾಲದಲ್ಲಿ ಯಾವ ಅಂಟು ಹಿಡಿಯುತ್ತಿತ್ತು, ಯಾವುದು ಬಿಡುತ್ತಿತ್ತು. ಈ ಕೆಲಸವನ್ನು ಅವರಿಗೆ ಕಲಿಸಿದವರು ಯಾರು. ಒಂದು ತುದಿಗೆ ಎಷ್ಟು ಕೂಲಿ.